ಪೆನ್ಸಿಲ್ ಹಿಡಿದು ತೋರಿಸಪ್ಪ

ಎಂಜಿನಿಯರಿಂಗ್ ಡ್ರಾಯಿಂಗ್ ಕ್ಲಾಸು. ಪ್ರಶ್ನೆ ಮಾಮೂಲಿಯದೇ. 80 ಮಿ.ಮೀ. ಉದ್ದದ ಲೈನ್. ಅದರ ಒಂದು ತುದಿ ಎಚ್‌ಪಿಯಿಂದ 15 ಮಿ.ಮೀ. ಮೇಲೆ, ವಿಪಿಯಿಂದ 20 ಮಿ.ಮೀ. ಮುಂದೆ. ಎಚ್‌ಪಿಗೆ 30 ಡಿಗ್ರಿ, ವಿಪಿಗೆ 45 ಡಿಗ್ರಿ ವಾಲಿದೆ. ಫ್ರಂಟ್ ವ್ಯೂ, ಟಾಪ್ ವ್ಯೂ ಬರೆಯಿರಿ. ಎಂಜಿನಿಯರಿಂಗ್ ಮೊದಲ ವರ್ಷ ದಾಟಿದ ಎಲ್ಲರೂ ಇಂಥದ್ದೊಂದನ್ನು ಬರೆದಿರುತ್ತಾರೆ. ಉಳಿದವರಿಗೆ ಇಷ್ಟು ಸಾಕು: ಎಚ್‌ಪಿ ಅಂದರೆ ನೆಲ, ವಿಪಿ ಅಂದರೆ ಗೋಡೆ.

ಮುಂದಿನ ಬೆಂಚಿನ ಹುಡುಗ ಹತ್ತೇ ನಿಮಿಷದಲ್ಲಿ ಮುಗಿಸಿದ. ಕಂಪಾಸಿನಿಂದ ಎಳೆದ ಆರ್ಕ್ ಸರಿ, ಲೈನಿನ ತುದಿ ಇರಬೇಕಾದ ಗೆರೆ, ಅಂದರೆ ಲೋಕಸ್ ಸರಿ, ಅಳತೆಯೂ ಸರಿ. ನಾನು ಅವನ ಕೈಗೆ ಒಂದು ಪೆನ್ಸಿಲ್ ಕೊಟ್ಟೆ. "ಇದೇ ಆ ಲೈನು. ಟೇಬಲ್ಲು ಎಚ್‌ಪಿ, ಆ ಗೋಡೆ ವಿಪಿ. ಈಗ ಲೈನ್ ಹೇಗಿದೆ, ಹಿಡಿದು ತೋರಿಸಪ್ಪ" ಅಂದೆ. ಮೊದಲು ಪೆನ್ಸಿಲ್ಲನ್ನು ಗೋಡೆಗೆ ಸಮಾನಾಂತರವಾಗಿ ಹಿಡಿದ. ಆಮೇಲೆ ಅಡ್ಡ ತಿರುಗಿಸಿದ. ಕೊನೆಗೆ ನನ್ನ ಮುಖ ನೋಡಿ, "ಸಾರ್, ಅದು ಆರ್ಕ್ ಎಳೆದ ಮೇಲೆ ತಾನಾಗೇ ಬರುತ್ತೆ" ಅಂದ.

ಅವನದ್ದೇನೂ ತಪ್ಪಿಲ್ಲ. ನಾವು ಕಲಿಸಿದ್ದೇ ಹಾಗೆ. ಮೊದಲ ಸ್ಟೆಪ್, ಎರಡನೇ ಸ್ಟೆಪ್, ಮೂರನೇ ಸ್ಟೆಪ್. ಸ್ಟೆಪ್ ತಪ್ಪದಿದ್ದರೆ ಉತ್ತರ ಬರುತ್ತದೆ, ಅಂಕವೂ ಬರುತ್ತದೆ. ವಸ್ತು ಕಣ್ಣ ಮುಂದೆ ಬರಬೇಕು ಅಂತೇನಿಲ್ಲ. ಪಾಠ ಹೇಳಲು ಶುರು ಮಾಡಿದ ಹೊಸದರಲ್ಲಿ ನಾನೂ ಕ್ಲಾಸಿನಲ್ಲಿ ಹತ್ತು ಸಲ "ಇಮ್ಯಾಜಿನ್ ಮಾಡಿಕೊಳ್ಳಿ" ಅನ್ನುತ್ತಿದ್ದೆ. ಕಾಣುವವರಿಗೆ ಆ ಮಾತು ಬೇಡ, ಕಾಣದವರಿಗೆ ಅದರಿಂದ ಉಪಯೋಗವಿಲ್ಲ. ಈಜು ಬರದವನನ್ನು ದಡದಲ್ಲಿ ನಿಲ್ಲಿಸಿ "ತೇಲು, ತೇಲು" ಅಂದ ಹಾಗೆ. ಈಗ ಆ ಪದ ಬಿಟ್ಟಿದ್ದೇನೆ. ಬದಲಿಗೆ ಏನಾದರೊಂದು ಕೈಗೆ ಕೊಡುತ್ತೇನೆ.

ಮೊದಲ ದಿನ ಲ್ಯಾಪ್‌ಟಾಪ್. ಸಾಫ್ಟ್‌ವೇರ್ ತೋರಿಸೋಕಲ್ಲ, ಅದನ್ನು ಆನ್ ಕೂಡ ಮಾಡುವುದಿಲ್ಲ. ನೆಟ್ಟಗೆ 90 ಡಿಗ್ರಿಗೆ ತೆರೆದಿಟ್ಟರೆ ಸ್ಕ್ರೀನ್ ವಿಪಿ, ಕೀಬೋರ್ಡ್ ಎಚ್‌ಪಿ, ನಡುವಿನ ಕೀಲು ಗೋಡೆ ನೆಲ ಸೇರುವ ಎಕ್ಸ್‌ವೈ ಲೈನ್. ಕೀಬೋರ್ಡಿನ ಮೇಲೊಂದು ಬೆಂಕಿಪೊಟ್ಟಣ ಇಡಿ. ಎದುರಿನಿಂದ ನೋಡಿದರೆ ಕಾಣುವ ಆಕಾರ ಹಿಂದಿನ ಸ್ಕ್ರೀನ್ ಮೇಲೆ ಬೀಳುತ್ತದೆ. ಮೇಲಿನಿಂದ ನೋಡಿದ್ದು ಕೆಳಗೆ ಕೀಬೋರ್ಡ್ ಮೇಲೆ. ಈಗ ಲ್ಯಾಪ್‌ಟಾಪನ್ನು ಪೂರ್ತಿ ಮಲಗಿಸಿ. ಫ್ರಂಟ್ ವ್ಯೂ ಮೇಲೆ, ಟಾಪ್ ವ್ಯೂ ಕೆಳಗೆ. "ಟಾಪ್ ವ್ಯೂ ಅಂತ ಹೆಸರು, ಆದ್ರೆ ಕೆಳಗಡೆ ಯಾಕೆ ಬರೀತೀವಿ ಸಾರ್?" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು. ಲ್ಯಾಪ್‌ಟಾಪ್ ಮಲಗಿಸಲು ಶುರು ಮಾಡಿದ ಮೇಲೆ ಯಾರೂ ಕೇಳಿಲ್ಲ.

ಹೀಗೆ ಬರೆಯುವ ಪದ್ಧತಿಯ ಹೆಸರು ಫಸ್ಟ್ ಆಂಗಲ್. ನಮ್ಮ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಡ್ರಾಯಿಂಗ್ ಕೈಪಿಡಿ ಎಸ್‌ಪಿ 46 ಹೇಳುವುದೂ ಇದನ್ನೇ. ಅಮೆರಿಕದವರದ್ದು ಥರ್ಡ್ ಆಂಗಲ್. ಅಲ್ಲಿ ವಸ್ತು ಗಾಜಿನ ಪೆಟ್ಟಿಗೆಯೊಳಗಿದೆ, ಕಂಡಿದ್ದನ್ನು ಹೊರಗಿನ ಗಾಜಿನ ಮೇಲೇ ಬರೆಯುತ್ತೀರಿ ಅಂದುಕೊಳ್ಳಿ. ಹಾಗಾಗಿ ಟಾಪ್ ವ್ಯೂ ಮೇಲಕ್ಕೆ ಹೋಗುತ್ತದೆ, ಎಡ ಬಲದ ನೋಟಗಳೂ ಜಾಗ ಬದಲಿಸುತ್ತವೆ. ಪಾಠಕ್ಕೆ ಬರುವ ಮುಂಚೆ ನಾನು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿದ್ದೆ. ಹೊರದೇಶದ ಡ್ರಾಯಿಂಗ್ ಬಂದಿತ್ತು. ಶೀಟಿನ ಮೂಲೆಯಲ್ಲಿ ಫಸ್ಟ್ ಆಂಗಲ್ಲೋ ಥರ್ಡ್ ಆಂಗಲ್ಲೋ ಅಂತ ಹೇಳುವ ಮೊಟಕು ಕೋನಿನ ಪುಟ್ಟ ಚಿಹ್ನೆ ಇರುತ್ತದಲ್ಲ, ಅದನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಬಲಗಡೆ ಬರಬೇಕಿದ್ದ ತೋಡು (ಗ್ರೂವ್) ನಲವತ್ತು ಬ್ರಾಕೆಟ್‌ಗಳಲ್ಲಿ ಎಡಗಡೆ ಬಿತ್ತು. ನಲವತ್ತೂ ಗುಜರಿಗೆ ಹೋದವು. ಈಗಲೂ ಯಾವ ಡ್ರಾಯಿಂಗ್ ಕೈಗೆ ಬಂದರೂ ನನ್ನ ಕಣ್ಣು ಮೊದಲು ಆ ಮೂಲೆಗೇ ಹೋಗುತ್ತದೆ.

ಸೆಕ್ಷನ್ ಪಾಠಕ್ಕೆ ತರಕಾರಿ. ಸೌತೆಕಾಯಿಯನ್ನು ಓರೆಯಾಗಿ ಕೊಯ್ದರೆ ಎಲಿಪ್ಸ್, ಅದು ಅಡುಗೆಮನೆಗೆ ಹೋದವರಿಗೆಲ್ಲ ಗೊತ್ತು. ಮಜಾ ಇರುವುದು ಆಲೂಗಡ್ಡೆಯಲ್ಲಿ. ಒಬ್ಬೊಬ್ಬರೂ ಒಂದೊಂದು ಆಲೂಗಡ್ಡೆಯನ್ನು ಕ್ಯೂಬ್ ಮಾಡಬೇಕು. ಎದುರುಬದುರಿನ ಎರಡು ಮೂಲೆಗಳನ್ನು ಬೆರಳಲ್ಲಿ ಹಿಡಿಯಬೇಕು. ಆ ಎರಡು ಮೂಲೆಗೂ ತಾಗದ ಅಂಚುಗಳು ಆರು ಉಳಿಯುತ್ತವೆ. ಆರರ ನಡುಮಧ್ಯಕ್ಕೂ ಪೆನ್ನಿನಿಂದ ಚುಕ್ಕೆ. ಕೊಯ್ಯುವ ಮುಂಚೆ ಕೇಳುತ್ತೇನೆ: "ಆರೂ ಚುಕ್ಕೆ ಸೇರಿಸಿ ಒಂದೇ ಏಟಿಗೆ ಕೊಯ್ದರೆ ಯಾವ ಆಕಾರ ಬರುತ್ತೆ?" ಅರ್ಧ ಕ್ಲಾಸು ತ್ರಿಕೋನ ಅನ್ನುತ್ತದೆ. ಕೆಲವರು ಚೌಕ. ಚಾಕು ಇಳಿದ ಮೇಲೆ ಕಾಣುವುದು ಆರೂ ಬದಿ ಸಮ ಇರುವ ಷಟ್ಕೋನ. ಚೌಕಗಳಷ್ಟೇ ಇದ್ದ ಕ್ಯೂಬಿನ ಹೊಟ್ಟೆಯಲ್ಲಿ ಜೇನುಗೂಡಿನ ಕಣ್ಣು! ಆ ದಿನ ಹಾಸ್ಟೆಲ್‌ನಲ್ಲಿ ಆಲೂಗಡ್ಡೆ ಪಲ್ಯ ಮಾಡಿದರೆ ಅದಕ್ಕೆ ನನ್ನ ಹೆಸರೇ ಇಡುತ್ತಾರಂತೆ.

ವಸ್ತುವನ್ನು ಹೀಗೆ ತಲೆಯೊಳಗೇ ಕಾಣುವುದು ಹುಟ್ಟಿನಿಂದ ಬರುವ ಶಕ್ತಿ, ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಅಂತ ನಮ್ಮಲ್ಲೇ ಎಷ್ಟೋ ಮೇಷ್ಟ್ರುಗಳು ನಂಬಿದ್ದಾರೆ. ನಾನು ಒಪ್ಪುವುದಿಲ್ಲ. 1971ರಲ್ಲಿ ಶೆಪರ್ಡ್ ಮತ್ತು ಮೆಟ್ಜ್ಲರ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಕ್ಯೂಬ್ ಜೋಡಿಸಿ ಮಾಡಿದ ಆಕಾರಗಳ ಎರಡೆರಡು ಚಿತ್ರ ತೋರಿಸಿ, ಎರಡೂ ಒಂದೇನಾ ಅಂತ ಕೇಳಿದರು. ಒಂದಕ್ಕಿಂತ ಇನ್ನೊಂದು ಜಾಸ್ತಿ ತಿರುಗಿದ್ದಷ್ಟೂ ಉತ್ತರಕ್ಕೆ ಬೇಕಾದ ಹೊತ್ತೂ ಅದೇ ಲೆಕ್ಕದಲ್ಲಿ ಜಾಸ್ತಿಯಾಯಿತು. ಅಂದರೆ ತಲೆಯೊಳಗೂ ಜನ ವಸ್ತುವನ್ನು ನಿಧಾನಕ್ಕೆ ತಿರುಗಿಸಿಯೇ ನೋಡುತ್ತಾರೆ. ಕೆಲಸ ಅಂದ ಮೇಲೆ ಅಭ್ಯಾಸದಿಂದ ಸುಧಾರಿಸಲೇಬೇಕಲ್ವಾ? ಅಮೆರಿಕದ ಮಿಚಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಶೆರಿಲ್ ಸಾರ್ಬಿ 1993ರಿಂದ ಅದನ್ನು ಮಾಡಿ ತೋರಿಸಿದರು. ಸೇರಿದ ತಕ್ಷಣ ಒಂದು ಪರೀಕ್ಷೆ, ಕಡಿಮೆ ಅಂಕ ಬಂದವರಿಗೆ ಬೇರೆ ತರಬೇತಿ. ಬಿಡಿಸುವುದು, ಮಡಚುವುದು, ಕೈಯಲ್ಲಿ ಹಿಡಿದು ತಿರುಗಿಸುವುದು. ಸ್ವತಃ ಸಾರ್ಬಿ ಅವರಿಗೇ ವಿದ್ಯಾರ್ಥಿನಿಯಾಗಿದ್ದಾಗ ಗ್ರಾಫಿಕ್ಸ್, ಅಂದರೆ ಇದೇ ಡ್ರಾಯಿಂಗ್ ಪಾಠ, ಕಷ್ಟವಾಗಿತ್ತಂತೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ, ಅದು ಪ್ರಶ್ನೆಯ ಇಂಗ್ಲಿಷ್. ಷಡ್ಭುಜದ ಪ್ರಿಸಂ ಬುಡದ ಒಂದು ಮೂಲೆಯ ಮೇಲೆ ನಿಂತಿದೆ, ಆ ಮೂಲೆಗೆ ಸೇರುವ ಎರಡು ಅಂಚು ನೆಲಕ್ಕೆ ಸಮನಾಗಿ ವಾಲಿವೆ, ಅಕ್ಷ ಎಚ್‌ಪಿಗೆ ಇಷ್ಟು ಡಿಗ್ರಿ, ವಿಪಿಗೆ ಇಷ್ಟು. ಎಲ್ಲವೂ ಒಂದೇ ಉದ್ದ ವಾಕ್ಯ. ಕನ್ನಡ ಮಾಧ್ಯಮದಿಂದ ಬಂದ ಒಬ್ಬಳು ಮೊದಲ ಟೆಸ್ಟಿನಲ್ಲಿ ಖಾಲಿ ಶೀಟ್ ಕೊಟ್ಟಳು. ಕರೆದು ಕನ್ನಡದಲ್ಲಿ ಹೇಳಿದೆ. "ಓ, ಡಬ್ಬಾನ ಮೂಲೆ ಮೇಲೆ ನಿಲ್ಲಿಸಿ ವಾಲಿಸೋದಾ ಸಾರ್?" ಅಂದಳು. ಅಲ್ಲೇ ಇದ್ದ ಡಸ್ಟರನ್ನು ಮೂಲೆಯ ಮೇಲೆ ನಿಲ್ಲಿಸಿ ಸರಿಯಾಗಿ ವಾಲಿಸಿಯೂ ತೋರಿಸಿದಳು. ಅಪ್ಪ ಮರಗೆಲಸದವರಂತೆ. ಅವಳಿಗೆ ಕಾಣುತ್ತಿತ್ತು, ಓದಲು ಬರುತ್ತಿರಲಿಲ್ಲ. ಪೆನ್ಸಿಲ್ ಹುಡುಗನದ್ದು ಇದರ ಉಲ್ಟಾ. ಇಬ್ಬರನ್ನೂ ಒಂದೇ ಪರೀಕ್ಷೆಯಿಂದ ಅಳೆದು ಒಬ್ಬನನ್ನು ಬುದ್ಧಿವಂತ, ಒಬ್ಬಳನ್ನು ದಡ್ಡಿ ಅನ್ನುತ್ತೇವೆ.

ವಸ್ತುವಿನ ಮೈಯನ್ನು ಬಿಚ್ಚಿ ಹರಡುವ ಡೆವಲಪ್‌ಮೆಂಟ್ ಪಾಠಕ್ಕೆ ಕಾಗದದ ಕೋನ್ ಸಾಕು. ಬುಡದ ವ್ಯಾಸ 50, ಎತ್ತರ 60. ಓರೆ ಉದ್ದ 65 ಬರುತ್ತದೆ. ಬಿಚ್ಚಿ ಹರಡಿದರೆ ಸುಮಾರು 138.5 ಡಿಗ್ರಿಯ ಬೀಸಣಿಗೆ. ಬುಡದ ಒಂದು ಬಿಂದುವಿನಿಂದ ಹೊರಟ ಇರುವೆ ಕೋನನ್ನು ಒಂದು ಸುತ್ತು ಹಾಕಿ ಅಲ್ಲಿಗೇ ಬರಬೇಕು, ಹತ್ತಿರದ ದಾರಿ ಯಾವುದು? ಎಲ್ಲರೂ ಬುಡದಂಚಲ್ಲೇ ಸುತ್ತಿಸುತ್ತಾರೆ, 157 ಮಿ.ಮೀ. ಬಿಚ್ಚಿದ ಕಾಗದದ ಮೇಲೆ ಎರಡು ತುದಿಗೆ ಸ್ಕೇಲ್ ಇಟ್ಟು ನೇರ ಗೆರೆ ಎಳೆದರೆ ಸುಮಾರು 121.5 ಅಷ್ಟೇ. ಮತ್ತೆ ಸುತ್ತಿದಾಗ ಆ ನೇರ ಗೆರೆ ಬೆಟ್ಟದ ರಸ್ತೆಯ ಹಾಗೆ ಏರಿ ಇಳಿಯುತ್ತದೆ. ಹತ್ತಿರದ ದಾರಿಗೆ ಇರುವೆ ಬೆಟ್ಟ ಹತ್ತಲೇಬೇಕು.

ಇಷ್ಟೆಲ್ಲ ಯಾಕೆ, ಕಂಪ್ಯೂಟರ್ ಇದೆಯಲ್ಲ ಅನ್ನುತ್ತಾರೆ. ನಮ್ಮ ಲ್ಯಾಬಿನಲ್ಲೂ ಸಾಲಿಡ್ ಎಡ್ಜ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್ ಇದೆ. ಒಳ್ಳೆಯದೇ, ಶೀಟು ಗಲೀಜಾಗುವುದಿಲ್ಲ. ಆದರೆ ಮಾಡೆಲನ್ನು ಮೌಸ್ ತಿರುಗಿಸಿದರೆ ತಲೆ ತಿರುಗಿಸುವುದಿಲ್ಲ. ಹಾಗಾಗಿ ನನ್ನದೊಂದು ರೂಲ್: ಮೊದಲು ರಫ್ ಪುಸ್ತಕದಲ್ಲಿ ಕೈಬರಹದ ಸ್ಕೆಚ್, ಸೊಟ್ಟಗಿದ್ದರೂ ಪರವಾಗಿಲ್ಲ. ಆಮೇಲೆ ಮೌಸ್.

ಈ ವರ್ಷದ ಒಂದು ಟೆಸ್ಟಿನಲ್ಲಿ ನಾನೇ ಎಡವಟ್ಟು ಮಾಡಿದೆ. ಅದೇ 80 ಮಿ.ಮೀ. ಲೈನು, ಎಚ್‌ಪಿಗೆ 30 ಅನ್ನುವ ಕಡೆ 50 ಅಂತ ಟೈಪ್ ಆಗಿತ್ತು. ವಿಪಿಗೆ 45 ಹಾಗೇ ಇತ್ತು. ಎರಡೂ ಸೇರಿದರೆ 95. ಯಾವ ಲೈನೂ ಹಾಗೆ ನಿಲ್ಲಲಾರದು, ಮೊತ್ತ 90 ದಾಟುವಂತಿಲ್ಲ. ಬರೆಯಲು ಹೋದರೆ ಆರ್ಕ್ ಲೋಕಸ್ಸನ್ನು ಮುಟ್ಟುವುದೇ ಇಲ್ಲ, ಐದು ಮಿ.ಮೀ. ಹತ್ತಿರ ಕಡಿಮೆ ಬೀಳುತ್ತದೆ. ಶೀಟು ತಿದ್ದುವಾಗ ನೋಡಿದೆ. ಮುಕ್ಕಾಲು ಕ್ಲಾಸು ಕಂಪಾಸನ್ನು ಐದು ಮಿ.ಮೀ. ಹಿಗ್ಗಿಸಿ ಗೆರೆಗೆ ಗೆರೆ ಕೂಡಿಸಿತ್ತು. ಮರಗೆಲಸದವರ ಮಗಳ ಶೀಟಿನಲ್ಲಿ ಆರ್ಕ್ ಇದ್ದಲ್ಲೇ ನಿಂತಿತ್ತು. ಪಕ್ಕದಲ್ಲಿ ಕನ್ನಡದಲ್ಲೇ ಬರೆದಿದ್ದಳು: "ಪೆನ್ಸಿಲ್ ಹಿಡಿದು ನೋಡಿದೆ ಸಾರ್. ಕೂರುತ್ತಿಲ್ಲ."