ಬೆರಳು ಅದೇ, ಸದ್ದು ಯಾಕೆ ಬೇರೆ?

ಬಲಗೈಯಲ್ಲಿ ಮೋಹನದ ಒಂದು ಪುಟ್ಟ ಸಾಲು ಬಾರಿಸಿದೆ. ಸ ರಿ ಗ ಪ ದ ಸ. ಸಿಂಥಸೈಜರ್‌ನ ಸ್ವಂತ ಕೀಗಳ ಮೇಲೆ ಎಲೆಕ್ಟ್ರಿಕ್ ಪಿಯಾನೊ ಗಂಟೆಯ ಹಾಗೆ ಟಿಣ್ ಅಂದಿತು. ಅದೇ ಸಿಂಥ್‌ಗೆ ಹೊಸ ಮಿಡಿ ಕೀಬೋರ್ಡ್ ಜೋಡಿಸಿ ಅದೇ ಸಾಲು ಬಾರಿಸಿದೆ. (ಮಿಡಿ ಅಂದರೆ ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸುವ ಪದ್ಧತಿ.) ಈಗ ಸದ್ದು ಮಂಕು, ಕಂಬಳಿಯ ಒಳಗಿಂದ ಬಂದ ಹಾಗೆ. ವಾಲ್ಯೂಮ್ ಏರಿಸಿದೆ. ಸದ್ದು ಜೋರಾಯಿತು, ಮಂಕು ಮಾತ್ರ ಹೋಗಲಿಲ್ಲ.

ಸುಳಿವು ಇದ್ದದ್ದು ಅಲ್ಲೇ. ಬರೀ ಸದ್ದಿನ ಪ್ರಮಾಣ ಕಡಿಮೆಯಾಗಿದ್ದರೆ ವಾಲ್ಯೂಮ್ ಏರಿಸಿದಾಗಲೇ ಸರಿಹೋಗಬೇಕಿತ್ತು, ಅಲ್ವಾ?

ಮಿಡಿ ಕೇಬಲ್‌ನಲ್ಲಿ ಸದ್ದು ಹರಿಯುವುದೇ ಇಲ್ಲ. ಹರಿಯುವುದು ಅಂಕಿಗಳು. 1983ರ ಜನವರಿಯಲ್ಲಿ ಅಮೆರಿಕದ ಒಂದು ಸಂಗೀತ ಮೇಳದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜ್ಯುಪಿಟರ್-6 ಸಿಂಥ್‌ಗಳನ್ನು ಜೋಡಿಸಿ ತೋರಿಸಿದರು. ಒಂದರಲ್ಲಿ ಒತ್ತಿದ ಸ್ವರ ಇನ್ನೊಂದರಲ್ಲಿ ನುಡಿಯಿತು. ಅಂದಿನಿಂದ ಇಂದಿನವರೆಗೂ ಕೀ ಒತ್ತಿದಾಗ ಹೋಗುವ ಸಂದೇಶ ಬಹಳ ಚಿಕ್ಕದು: ಯಾವ ಚಾನೆಲ್, ಯಾವ ಸ್ವರ, ಎಷ್ಟು ವೆಲಾಸಿಟಿ. ವೆಲಾಸಿಟಿ, ಅಂದರೆ ಬೆರಳಿನ ಏಟಿನ ಅಂಕಿ, 127 ದಾಟುವುದಿಲ್ಲ. 0 ಬಂದರೆ ಸ್ವರ ನಿಲ್ಲಿಸು ಎಂದರ್ಥ.

ಹಾರ್ಮೋನಿಯಂನಲ್ಲಿ ಈ ತಾಪತ್ರಯ ಇಲ್ಲ. ಕೀ ಗಾಳಿಗೆ ದಾರಿ ಬಿಡುತ್ತದೆ ಅಷ್ಟೇ. ಸದ್ದು ಎಷ್ಟಿರಬೇಕು ಅನ್ನುವುದು ತಿದಿಯ ಕೆಲಸ. ಸಿಂಥ್‌ನಲ್ಲಿ ಹಾಗಲ್ಲ, ಬೆರಳಿನ ಏಟೇ ಅರ್ಧ ಸಂಗೀತ. ಆದರೆ ಕೀಬೋರ್ಡ್ ಆ ಏಟನ್ನು ತೂಗಿ ನೋಡುವುದಿಲ್ಲ. ಕೀಯ ಅಡಿಯಲ್ಲಿ ಸಾಮಾನ್ಯವಾಗಿ ಎರಡು ಸಂಪರ್ಕ ಬಿಂದುಗಳಿರುತ್ತವೆ. ಕೀ ಇಳಿಯುವಾಗ ಮೊದಲು ಒಂದು ತಾಗುತ್ತದೆ, ಆಮೇಲೆ ಇನ್ನೊಂದು. ನಡುವಿನ ಆ ಮಿಲಿಸೆಕೆಂಡುಗಳನ್ನು ಚಿಪ್ ಎಣಿಸುತ್ತದೆ. ಕಡಿಮೆ ಸಮಯ ಹಿಡಿದರೆ ದೊಡ್ಡ ಅಂಕಿ, ಜಾಸ್ತಿ ಹಿಡಿದರೆ ಚಿಕ್ಕದು. ಅಂದರೆ ಅಳೆಯುವುದು ಬಲವನ್ನಲ್ಲ, ವೇಗವನ್ನು. ಹೆಸರೇ ಹೇಳುತ್ತದೆ. ಹಾಗಾಗಿ ಭಾರದ ಕೀಗಳನ್ನು ಅದೇ ಬಲದಿಂದ ಒತ್ತಿದರೂ ಅವು ನಿಧಾನ ಇಳಿಯುತ್ತವೆ, ಅಂಕಿಯೂ ಇಳಿಯಬಹುದು.

ಕಂಪ್ಯೂಟರ್‌ನಲ್ಲಿ ಒಂದು ಉಚಿತ ಮಿಡಿ ಮಾನಿಟರ್ (ಬರುವ ಅಂಕಿಗಳನ್ನು ತೋರಿಸುವ ತಂತ್ರಾಂಶ) ತೆರೆದು ಎರಡನ್ನೂ ಸರದಿಯಲ್ಲಿ ಜೋಡಿಸಿದೆ. ಸಿಂಥ್‌ನ ಕೀಗಳಲ್ಲಿ ನನ್ನ ಮಾಮೂಲಿ ಏಟು: 86, 91, 88. ಹೊಸ ಕೀಬೋರ್ಡ್‌ನಲ್ಲಿ: 57, 62, 55. ಕಿವಿಗೆ ಕೇಳಿದ್ದು ಕಣ್ಣಿಗೂ ಕಂಡಿತು. ಸುಮ್ನೆ ಗುಂಡಿ ತಿರುಗಿಸುವ ಮುಂಚೆ ಈ ಒಂದು ಕೆಲಸ ಮಾಡಿ. ಅಂಕಿಗಳು ಬೇರೆ ಬೇರೆ ಬಂದರೆ ತೊಂದರೆ ಕಳಿಸುವ ಕಡೆ. ಅಂಕಿ ಒಂದೇ ಇದ್ದು ಸದ್ದು ಬೇರೆಯಾದರೆ ಕೇಳಿಸಿಕೊಳ್ಳುವ ಕಡೆ. ಒಂದೆರಡು ಕೀಗಳು ಮಾತ್ರ ಹಠ ಮಾಡಿದರೆ ಅಡಿಯ ಸಂಪರ್ಕಗಳಲ್ಲಿ ಧೂಳು ಕೂತಿರಬಹುದು.

88 ಅಂದರೆ ಎಷ್ಟು ಜೋರು? ಮಿಡಿ ನಿಯಮದಲ್ಲಿ ಇದಕ್ಕೆ ಉತ್ತರವಿಲ್ಲ. ಅದು ಆಯಾ ಸಿಂಥ್‌ಗೆ ಬಿಟ್ಟದ್ದು. ಯಮಹಾದ ಡಿಎಕ್ಸ್7, 1983ರದ್ದೇ, ಒಳ್ಳೆಯ ಉದಾಹರಣೆ. ಅದರ ಸ್ವಂತ ಕೀಗಳು ಎಷ್ಟು ಗುದ್ದಿದರೂ 127 ಮುಟ್ಟುವುದಿಲ್ಲ. ಈಗಿನ ಕೀಬೋರ್ಡ್ ಜೋಡಿಸಿ 127 ಕಳಿಸಿದರೆ ಅದೇ ಸದ್ದು ಕಿವಿಗೆ ಚುಚ್ಚುತ್ತದೆ. ಏಕೆಂದರೆ ಅಲ್ಲಿ ವೆಲಾಸಿಟಿ ಸದ್ದನ್ನು ಏರಿಸುವುದಷ್ಟೇ ಅಲ್ಲ, ಅದರ ಬಣ್ಣವನ್ನೂ ಬದಲಿಸುತ್ತದೆ. ನನ್ನ ಸಿಂಥ್‌ನಲ್ಲೂ ಹಾಗೇ. ಆ ‘ಟಿಣ್’ ಹುಟ್ಟುವುದೇ ದೊಡ್ಡ ಅಂಕಿಗಳಲ್ಲಿ. ಇನ್ನು ಕೆಲವು ಹಳೆಯ ಸಿಂಥ್‌ಗಳ ಕೀಗಳಿಗೆ ಏಟಿನ ಅರಿವೇ ಇಲ್ಲ. ಅಂಥವು ಮೆಲ್ಲಗೆ ಒತ್ತಿದರೂ, ಗುದ್ದಿದರೂ 64 ಕಳಿಸಬೇಕು ಅಂತ ನಿಯಮವೇ ಇದೆ.

ವಾಲ್ಯೂಮ್ ಬೇರೆಯದೇ ಸಂದೇಶ, ಅದರ ಹೆಸರು ಕಂಟ್ರೋಲರ್ 7. ಹಾರ್ಮೋನಿಯಂನ ತಿದಿಗೆ ಹತ್ತಿರದ್ದು ಕಂಟ್ರೋಲರ್ 11, ನುಡಿಸುತ್ತಾ ಸದ್ದು ಏರಿಸಿ ಇಳಿಸುವುದಕ್ಕೆ ಇರುವುದು. ಇವುಗಳಲ್ಲಿ ಒಂದು ಮೋಸ ಇದೆ. ಶಿಫಾರಸಾದ ಲೆಕ್ಕದಲ್ಲಿ 127ರಿಂದ 64ಕ್ಕೆ ಇಳಿಸಿದರೆ ಸಿಗ್ನಲ್ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಸುಮಾರು 12 ಡೆಸಿಬಲ್ ಕಡಿಮೆ. ಕೀಬೋರ್ಡ್‌ನ ಸ್ಲೈಡರ್‌ಗೆ ಗೊತ್ತಿಲ್ಲದೆ ಕೈ ತಗುಲಿದರೂ ಸಾಕು. ಅದನ್ನೂ ಒಮ್ಮೆ ನೋಡಿಬಿಡಿ.

ನನಗೆ ಪರಿಹಾರ ಸಿಕ್ಕಿದ್ದು ಕೀಬೋರ್ಡ್‌ನ ವೆಲಾಸಿಟಿ ಕರ್ವ್‌ನಲ್ಲಿ, ಅಂದರೆ ಎಂಥ ಏಟಿಗೆ ಎಷ್ಟು ಅಂಕಿ ಅಂತ ಆರಿಸುವ ಸೆಟ್ಟಿಂಗ್‌ನಲ್ಲಿ. ‘ಸಾಫ್ಟ್’ ಅಂತ ಇದ್ದದ್ದನ್ನು ಮೊದಲು ಮುಟ್ಟಿರಲಿಲ್ಲ, ಸದ್ದು ಇನ್ನೂ ಮೆತ್ತಗಾದೀತು ಅಂತ. ಅದರ ಅರ್ಥ ತಿರುಗುಮುರುಗು: ಮೆತ್ತಗೆ ಒತ್ತಿದರೂ ದೊಡ್ಡ ಅಂಕಿ ಹೋಗುತ್ತದೆ. ಅದನ್ನು ಆರಿಸಿ ಮತ್ತೆ ಬಾರಿಸಿದೆ. 84, 90, 87. ಮೇಲಿನ ಸ ಟಿಣ್ ಅಂದಿತು. ಏರಿಸಿದ್ದ ವಾಲ್ಯೂಮ್ ಗುಂಡಿಯನ್ನು ಹಳೆಯ ಜಾಗಕ್ಕೆ ತಂದಿಟ್ಟೆ.