ಚಳಿಗಾಲದ ಗಾಳಕ್ಕೆ ತೆಳ್ಳಗಿನ ದಾರ

ಡಿಸೆಂಬರ್ ಬಂದರೆ ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆಯ ಹುಡುಗರು ಕೇಳುವುದು ಒಂದೇ: "ಚಳಿಗೆ ಮೀನು ಆಳಕ್ಕೆ ಹೋಗ್ತದೆ ಅಲ್ವಾ? ಅದಕ್ಕೇ ಗಾಳಕ್ಕೆ ಬೀಳೋದಿಲ್ಲ."

ಹಾಗಲ್ಲ. ಬೆಳಗಿನ ಜಾವ ನಮಗೆ ಮೈ ನಡುಗಿದರೂ ನಮ್ಮ ಕಡಲು ಬೆಚ್ಚಗೇ ಇರುತ್ತದೆ. ಕೆಳಗಿನ ತಣ್ಣೀರು ದಡದ ಹತ್ತಿರ ಮೇಲೆ ಬರುವುದು ಮಳೆಗಾಲದಲ್ಲಿ. ನವೆಂಬರ್ ನಂತರ ಕರಾವಳಿಯ ಪ್ರವಾಹ ಉತ್ತರಕ್ಕೆ ತಿರುಗಿ, ಬಂಗಾಳ ಕೊಲ್ಲಿಯ ಉಪ್ಪು ಕಡಿಮೆ ಇರುವ ನೀರನ್ನು ನಮ್ಮಲ್ಲಿಗೂ ತರುತ್ತದೆ.

ಬದಲಾಗುವುದು ನೀರಿನ ಬಣ್ಣ. ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳಿಂದ ಕೆಂಪು ನೀರು ಬರುವುದು ನಿಂತಿರುತ್ತದೆ. ಅಲೆಯೂ ಸಣ್ಣದು, ಹೊಯಿಗೆ (ಮರಳು) ಏಳುವುದಿಲ್ಲ. ಮಳೆಗಾಲದ ಕಲಕು ನೀರಲ್ಲಿ ನಡೆದ ದಪ್ಪ ದಾರ ಈಗ ಮೀನಿಗೆ ಚೆನ್ನಾಗಿ ಕಾಣುತ್ತದೆ. ಕಾಣೆ ಮೀನಿಗೆ 0.25 ಮಿ.ಮೀ. ದಾರ ಸಾಕು. ಅದರ ಬಾಯಿ ಸಣ್ಣದು, ಹೊಯಿಗೆ ತಳದಲ್ಲಿ ಹುಳ, ಸಿಗಡಿ ಹುಡುಕಿ ತಿನ್ನುವ ಮೀನು. ದೊಡ್ಡ ಗಾಳ ಹಾಕಿದರೆ ಸಿಗಡಿ ಮಾತ್ರ ಹೋಗುತ್ತದೆ, ಮೀನು ಬರುವುದಿಲ್ಲ. ಸಣ್ಣ ಗಾಳಕ್ಕೆ ಅರ್ಧ ಸಿಗಡಿ ಸಿಕ್ಕಿಸಿ, ತಳದ ಮೇಲೆ ಮೆಲ್ಲ ಎಳೆಯಿರಿ. ನಡು ಮಧ್ಯಾಹ್ನ ತಿಳಿನೀರಲ್ಲಿ ಸುಮ್ನೆ ಕೂರಬೇಡಿ. ಸೂರ್ಯ ಏರುವ ಮೊದಲು ಅಥವಾ ಇಳಿಯುವ ಹೊತ್ತಿಗೆ ಹೋಗಿ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಗಡಿಯಾರಕ್ಕಿಂತ ನೀರಿನ ಏರಿಳಿತವೇ ಮುಖ್ಯ. ಮಳೆ ನಿಂತ ಮೇಲೆ ಹೊಳೆಯ ಸಿಹಿನೀರಿನ ಒತ್ತಡ ಕಡಿಮೆಯಾಗಿ ಉಪ್ಪುನೀರು ಒಳಗೆ ಹತ್ತುತ್ತದೆ. ಮಲಯಾಳದವರು ಕಾಳಾಂಜಿ ಎನ್ನುವ ಕುರುಡಿ ಮೀನು ಸೇತುವೆಯ ಕಂಬ, ಕಲ್ಲಿನ ಮರೆಯಲ್ಲಿ ನಿಂತು, ಹರಿವು ತಂದುಕೊಡುವ ಸಣ್ಣ ಮೀನಿಗೆ ಕಾಯುತ್ತದೆ. ನೀರು ನಿಂತಾಗ ಅದಕ್ಕೂ ಕೆಲಸವಿಲ್ಲ. ಹಾಗಾಗಿ ಏರುವ ನೀರಿನ ಕೊನೆ, ಇಳಿಯುವ ನೀರಿನ ಆರಂಭ ಹಿಡಿಯಿರಿ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿನ್ನೆ 6ಕ್ಕೆ ಸಿಕ್ಕಿತು ಅಂತ ಇವತ್ತೂ 6ಕ್ಕೇ ಹೋದರೆ ಬೇಗ ಆಯಿತು. ಅಮಾವಾಸ್ಯೆ, ಹುಣ್ಣಿಮೆ ಆಚೀಚೆ ಸೆಳೆತ ಜಾಸ್ತಿ. ಆಗ ಭಾರವಾದ ಸೀಸ ಕಟ್ಟಿ.

ಸಿಕ್ಕಿದ್ದೆಲ್ಲ ಬುಟ್ಟಿಗೆ ಹಾಕಬೇಡಿ. ಕೇರಳದ ನಿಯಮದಲ್ಲಿ ಬಂಗುಡೆ ಕನಿಷ್ಠ 14 ಸೆಂ.ಮೀ., ಬೂತಾಯಿ 10 ಸೆಂ.ಮೀ. ಇರಬೇಕು. ಮರಿಯನ್ನು ಒದ್ದೆ ಕೈಯಲ್ಲಿ ಹಿಡಿದು, ಗಾಳ ಬಿಡಿಸಿ, ನೀರಿಗೇ ಬಿಡಿ.

ಕೊನೆಗೆ ಗಾಳಿಯ ಮಾತು. ಇದನ್ನೇ ಜನ ಹಗುರ ಮಾಡುತ್ತಾರೆ, ನನಗೆ ಹೆದರಿಕೆ ಇರುವುದೂ ಇದರಲ್ಲೇ. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ದಡದಲ್ಲಿ ನಿಂತರೆ ನೀರು ತಟ್ಟೆಯಂತೆ ಕಾಣುತ್ತದೆ. ಸಣ್ಣ ದೋಣಿ ಮಾತ್ರ ಗೊತ್ತಾಗದ ಹಾಗೆ ಹೊರಗೆ ಜಾರುತ್ತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಎದ್ದು ಅಲೆ ಒಡೆಯಲು ಶುರುವಾದರೆ, ಅಳಿವೆ ಬಾಯಿಯ ಹೊಯಿಗೆ ದಿಬ್ಬದ ಮೇಲೆ ದೋಣಿ ಮಗುಚಬಹುದು. ಲಂಗರು, ಲೈಫ್ ಜಾಕೆಟ್, ಒಂದು ಹೆಚ್ಚಿನ ಹುಟ್ಟು ಇಲ್ಲದೆ ಹೊರಡಬೇಡಿ. ಹೋದವರು ಗಾಳಿ ತಿರುಗುವ ಮೊದಲೇ ಒಳಗೆ ಬನ್ನಿ.