ಮಗಳ ಗದ್ದೆ ಯಾರ ಹೆಸರಿಗೆ? ಬಾತಕ್ ಹಳ್ಳಿಯ ಅಳತೆ ಪುಸ್ತಕದಿಂದ

ಜಮೀನು ಅಳೆಯುವವರು ಮೊದಲು ಕೇಳುವುದು ಚಕ್ಕುಬಂದಿ. ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು, ಉತ್ತರಕ್ಕೆ ಹಳ್ಳವೋ ದಾರಿಯೋ. ಊರಿನ ಕಡೆ ಹದಿನೈದು ವರ್ಷ ಸರ್ವೆ ಕೆಲಸ ಮಾಡಿದ ನನಗೆ ಅದು ಬಾಯಿಪಾಠ. ಆಮೇಲೆ ಇಂಡೊನೇಷ್ಯಾದ ಉತ್ತರ ಸುಮಾತ್ರಾಕ್ಕೆ ಹೋದೆ. ಅಲ್ಲಿ ತೋಬಾ ಸರೋವರದ ನಡುವೆ ಸಮೋಸಿರ್ ಅನ್ನುವ ದ್ವೀಪವಿದೆ. ಅಲ್ಲಿನ ಬಾತಕ್ ಜನರ ಹಳ್ಳಿಗಳಲ್ಲಿ, ಊರವರ ಜೊತೆ ಕೂತು ಅವರ ನೆಲದ ನಕ್ಷೆ ಮಾಡುವ ಕೆಲಸ. ಎರಡು ಹಂಗಾಮು ಇದ್ದೆ. ಅಲ್ಲಿ ಚಕ್ಕುಬಂದಿಗೆ ದಿಕ್ಕು ಸಾಲುವುದಿಲ್ಲ, ನೆಂಟಸ್ತಿಕೆಯೂ ಬೇಕು ಅನ್ನುವುದನ್ನು ನಾನು ಒಂದು ತಪ್ಪು ಮಾಡಿಯೇ ಕಲಿತೆ.

ಗುಡ್ಡದ ಮೇಲಿಂದ ನೋಡಿದರೆ ಗದ್ದೆ ಬಯಲಿನಲ್ಲಿ ಅಲ್ಲಲ್ಲಿ ಬಿದಿರುಮೆಳೆಯ ಚೌಕಗಳು ಕಾಣುತ್ತವೆ. ಒಂದೊಂದು ಚೌಕವೂ ಒಂದೊಂದು ಹುತಾ. ಹುತಾ ಅಂದರೆ ಹಳ್ಳಿ, ಆದರೆ ನಮ್ಮ ಹಟ್ಟಿಯಷ್ಟೇ ಚಿಕ್ಕದು. ಸುತ್ತ ಮಣ್ಣಿನದೋ ಕಲ್ಲಿನದೋ ಒಡ್ಡು, ಅದರ ಮೇಲೆ ಬಿದಿರು. ಊರೂರಿಗೆ ಕಾದಾಟ ನಡೆಯುತ್ತಿದ್ದ ಕಾಲದ ಕೋಟೆ ಅದು. ಒಳಗೆ ಉದ್ದನೆಯ ಅಂಗಳ. ಒಂದು ಕಡೆ ಮನೆಗಳ ಸಾಲು, ಅದಕ್ಕೆ ಎದುರಾಗಿ ಕಣಜಗಳ ಸಾಲು. ಮನೆಗೆ ರುಮಾ ಅನ್ನುತ್ತಾರೆ, ಕಣಜಕ್ಕೆ ಸೋಪೊ.

ಹಳೆಯ ರುಮಾ ಕಂಬಗಳ ಮೇಲೆ ನಿಂತಿರುತ್ತದೆ. ಮೊಳೆ ಇಲ್ಲ, ಬರೀ ಮರದ ಬೆಣೆ. ಮಾಡಿನ ಎರಡು ತುದಿ ಮೇಲಕ್ಕೆ ಬಾಗಿ, ನಡು ತಗ್ಗಾಗಿರುತ್ತದೆ. ಮೊದಲು ಮಾಡಿಗೆ ತಾಳೆ ಜಾತಿಯ ಮರದ ಕಪ್ಪು ನಾರು ಹೊದಿಸುತ್ತಿದ್ದರು, ಈಗ ಹೆಚ್ಚಿನ ಕಡೆ ತಗಡು ಬಂದಿದೆ. ಮುಂಭಾಗದ ಹಲಗೆಯಲ್ಲಿ ಕೆಂಪು, ಕಪ್ಪು, ಬಿಳಿ ಬಣ್ಣದ ಕೆತ್ತನೆ. ಅದರಲ್ಲಿ ಒಂದು ಹಲ್ಲಿ, ಪಕ್ಕದಲ್ಲಿ ನಾಲ್ಕು ಮೊಲೆ. ಹಲ್ಲಿ ಭೂಮಿಯ ಶಕ್ತಿ, ಮೊಲೆ ಫಲದ ಗುರುತು. 1861ರಲ್ಲಿ ನೆಲೆಯೂರಿದ ಬಾತಕ್ ಚರ್ಚು ಇವತ್ತು ಪ್ರತಿ ಊರಲ್ಲೂ ಇದೆ, ಭಾನುವಾರ ಊರಿಗೆ ಊರೇ ಅಲ್ಲಿರುತ್ತದೆ. ಹಲ್ಲಿ ಮಾತ್ರ ಗೋಡೆ ಬಿಟ್ಟು ಇಳಿದಿಲ್ಲ.

ಹೊಸಬರು ಬಂದರೆ ಮೊದಲ ಪ್ರಶ್ನೆ, ನಿಮ್ಮ ಮರ್ಗಾ ಯಾವುದು? ಮರ್ಗಾ ಅಂದರೆ ನಮ್ಮ ಬೆಡಗು ಅಥವಾ ಬಳಿ ಇದ್ದ ಹಾಗೆ. ತಂದೆಯಿಂದ ಬರುತ್ತದೆ, ಅದರೊಳಗೆ ಮದುವೆ ಇಲ್ಲ. ಇಬ್ಬರು ಅಪರಿಚಿತರು ಬಸ್ಸಿನಲ್ಲಿ ಸಿಕ್ಕಿದರೂ ಹತ್ತು ನಿಮಿಷದಲ್ಲಿ ವಂಶ ಹಿಡಿದು ಹೋಗಿ ತಾವು ಮಾವ ಅಳಿಯನೋ, ಅಣ್ಣ ತಮ್ಮನೋ ಅಂತ ಗೊತ್ತು ಮಾಡಿಕೊಳ್ಳುತ್ತಾರೆ. ಆಮೇಲೇ ಉಳಿದ ಮಾತು.

ಈ ಲೆಕ್ಕಕ್ಕೆಲ್ಲ ಅವರು ಕೊಡುವ ಹೋಲಿಕೆ ಒಲೆಯದು. ದಾಲಿಹನ್ ನಾ ತೋಲು, ಅಂದರೆ ಒಲೆಯ ಮೂರು ಕಲ್ಲು. ಒಂದು ಕಲ್ಲು ಹೆಣ್ಣು ಕೊಟ್ಟವರು, ಹುಲಾಹುಲಾ. ಇನ್ನೊಂದು ಒಂದೇ ಮರ್ಗಾದ ದಾಯಾದಿಗಳು, ದೋಂಗನ್ ತುಬು. ಮೂರನೆಯದು ಹೆಣ್ಣು ತಂದವರು, ಬೋರು. ಹೆಣ್ಣು ಕೊಟ್ಟವರಿಗೆ ತಲೆಬಾಗು, ದಾಯಾದಿಗಳ ಜೊತೆ ಜೋಪಾನವಾಗಿರು, ಹೆಣ್ಣು ತಂದವರನ್ನು ಓಲೈಸು ಅಂತ ಕಟ್ಟಳೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಹೆಣ್ಣು ಕೊಟ್ಟವರು ಬೀಗರ ಮುಂದೆ ಕೈಕಟ್ಟಿ ನಿಲ್ಲುವುದೇ ಜಾಸ್ತಿ, ಅಲ್ವಾ? ಅಲ್ಲಿ ತಿರುವುಮುರುವು. ಹೆಣ್ಣು ಕೊಟ್ಟ ಮನೆಯೇ ದೊಡ್ಡದು, ಆಶೀರ್ವಾದ ಬರುವುದು ಅಲ್ಲಿಂದ. ತೆರ ಕೊಡುವವರು ಗಂಡಿನ ಕಡೆಯವರು.

ಇನ್ನು ಆಸ್ತಿ. ಹುತಾ ಕಟ್ಟಿದವನ ಮರ್ಗಾದವರೇ ಆ ನೆಲಕ್ಕೆ ಯಜಮಾನರು. ಅಳಿಯನಾಗಿ ಬಂದು ನೆಲೆಸಿದವರೂ ಇರುತ್ತಾರೆ. ಅವರು ಉಳುತ್ತಾರೆ, ಮನೆ ಕಟ್ಟುತ್ತಾರೆ. ಊರು ಬಿಟ್ಟು ಹೋದರೆ ನೆಲ ಊರವರಿಗೆ ಸೇರುತ್ತದೆ. ಪಿತ್ರಾರ್ಜಿತ ಹೋಗುವುದು ಗಂಡುಮಕ್ಕಳಿಗೆ. ಹಿರಿಯವನಿಗೂ ಕಿರಿಯವನಿಗೂ ವಿಶೇಷ ಪಾಲು. ಅಪ್ಪ ಅಮ್ಮನ ಕೊನೆಗಾಲ ನೋಡಿಕೊಳ್ಳುವ ಕಿರಿಯವನಿಗೆ ಸಾಮಾನ್ಯವಾಗಿ ಮನೆ. ಮಗಳು ವಾರಸುದಾರಳಲ್ಲ.

ಹೊರಗಿನಿಂದ ಬಂದವರು ಇಷ್ಟು ಬರೆದುಕೊಂಡು ಹೊರಟುಬಿಡುತ್ತಾರೆ. ನಾನು ಗದ್ದೆಯ ವಿವರ ತುಂಬುತ್ತಿದ್ದ ಅಚ್ಚಿನ ನಮೂನೆಯನ್ನೂ ಯಾರೋ ಹಾಗೇ ಮಾಡಿದ್ದರು. ಆದರೆ ಮಗಳಿಗೆ ಪಾಲು ಇಲ್ಲದಿದ್ದರೂ ಗದ್ದೆ ಇದೆ. ಮದುವೆಯಲ್ಲಿ ಅಪ್ಪ ಕೊಡುವ ಗದ್ದೆಗೆ ಪೌಸೆಯಾಂಗ್ ಅನ್ನುತ್ತಾರೆ. ಮಗು ಆದ ಮೇಲೆ ಕೊಡುವುದು ಇಂದಹನ್ ಅರಿಯನ್, ಪದಕ್ಕೆ ಪದ ಇಟ್ಟರೆ ಹಗಲಿನ ಅನ್ನ. ಇನ್ನೂ ಒಂದು ಹೆಸರಿದೆ, ಹಳೆಯದಾಗದ ಉಲೊಸ್. ಉಲೊಸ್ ಅಂದರೆ ಕೈಮಗ್ಗದ ಹೊದಿಕೆ, ತವರಿನವರು ಮಗಳು ಅಳಿಯನ ಹೆಗಲಿಗೆ ಹೊದಿಸಿ ಹರಸುವುದು. ಬಟ್ಟೆ ಹರಿಯುತ್ತದೆ, ನೆಲ ಹರಿಯುವುದಿಲ್ಲ, ಅದಕ್ಕೆ ಆ ಹೆಸರು. ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಬಿಟ್ಟ ಜಮೀನು ಅನ್ನುತ್ತಾರಲ್ಲ, ಅದರ ಹತ್ತಿರದ ನೆಂಟ ಇದು.

ಈ ಗದ್ದೆಯ ಫಲ ಮಗಳ ಸಂಸಾರಕ್ಕೆ, ಮುಂದೆ ಅವಳ ಮಕ್ಕಳಿಗೆ. ಗಂಡ ತಾನೊಬ್ಬನೇ ಮಾರುವ ಹಾಗಿಲ್ಲ. ಮಾರುವ ಮೊದಲು ಅವಳ ತವರನ್ನು ಕೇಳಬೇಕು. ಒಂದು ಗದ್ದೆಯ ಮೇಲೆ ಮೂರು ಮನೆಯ ಮಾತು. ನನ್ನ ನಮೂನೆಯಲ್ಲಿ ‘ಮಾಲೀಕರು’ ಅಂತ ಒಂದೇ ಚೌಕ.

ತಪ್ಪು ಆದದ್ದು ಅಲ್ಲೇ. ಒಂದು ಹುತಾದ ಕೆಳಗಿನ ಗದ್ದೆ ಬಯಲು ಅಳೆದೆವು. ಊರಿನ ಒಬ್ಬ ಹುಡುಗ ಬದು ತೋರಿಸುತ್ತಾ ಬಂದ. ‘ಇದು ತಾತನದು, ಇದೂ ತಾತನದು’ ಅಂದ. ಅವನ ಅಪ್ಪನ ಹೆಸರಿಗೆ ಬರೆದೆ. ಸಂಜೆ ಅಂಗಳದಲ್ಲಿ ಪಟ್ಟಿ ಓದುವಾಗ ಪಕ್ಕದ ಹುತಾದಿಂದ ಬಂದಿದ್ದ ಒಬ್ಬ ಅಜ್ಜಿ ಎದ್ದು ನಿಂತರು. ಎಲೆಯಡಿಕೆ ಚೀಲವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದರು.

‘ಹಲಸಿನ ಮರದ ಕೆಳಗಿನ ಎರಡು ಮಡಿ ಯಾರದು ಅಂದ್ರಿ?’

ಓದಿದೆ.

‘ಅದು ನನ್ನ ಹಗಲಿನ ಅನ್ನ. ದೊಡ್ಡ ಮಗ ಹುಟ್ಟಿದಾಗ ಅಪ್ಪ ಕೊಟ್ಟದ್ದು. ಮೀನಿನ ಅಡುಗೆ ಮಾಡಿದ್ದರು. ಅಣ್ಣನನ್ನೇ ಕೇಳಿ.’

ಅಣ್ಣ ಅಂದರೆ ಬದು ತೋರಿಸಿದ ಹುಡುಗನ ಅಪ್ಪ. ಅವರು ತುಂಬಾ ಹೊತ್ತು ಸುಮ್ಮನಿದ್ದು, ‘ಹೌದು, ತಂಗಿಯದು’ ಅಂದರು. ಹುಡುಗ ಸುಳ್ಳು ಹೇಳಿರಲಿಲ್ಲ. ತಾತನ ಗದ್ದೆಯಲ್ಲಿ ಅತ್ತೆ ನಾಟಿ ಮಾಡುತ್ತಾರೆ ಅಂತಲೇ ಅವನು ಬೆಳೆದದ್ದು. ಇನ್ನೊಂದು ತಲೆಮಾರು ಕಳೆದು ಅಣ್ಣ ತಂಗಿ ಇಬ್ಬರೂ ಇಲ್ಲದಿದ್ದರೆ ನನ್ನ ಪಟ್ಟಿಯೇ ಕೊನೆಯ ಮಾತಾಗುತ್ತಿತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಾಗದವಿಲ್ಲದೆ ಇಷ್ಟು ದಿನ ಹೇಗೆ ನಡೆಯಿತು ಅಂತ ಕೇಳಬಹುದು. ಅದಕ್ಕೆ ಅವರ ವ್ಯವಸ್ಥೆ ಬಲು ಗಟ್ಟಿ. ಮದುವೆಯ ಮಾತುಕತೆ ಮುಗಿದಾಗ ಕೂತವರಿಗೆಲ್ಲ ಒಂದಿಷ್ಟು ಹಣ ಹಂಚುತ್ತಾರೆ. ಅದರ ಹೆಸರು ಇಂಗೊತ್ ಇಂಗೊತ್, ನೆನಪಿನ ಹಣ. ತೆಗೆದುಕೊಂಡವರು ಆ ಮಾತಿಗೆ ಸಾಕ್ಷಿ. ಔತಣದಲ್ಲಿ ಹಂದಿಯನ್ನೋ ಎಮ್ಮೆಯನ್ನೋ ಕಡಿದಾಗ ಮಾಂಸವನ್ನು ಸಂಬಂಧ ನೋಡಿ ಪಾಲು ಮಾಡುತ್ತಾರೆ. ಅದಕ್ಕೆ ಜಂಬರ್ ಅನ್ನುತ್ತಾರೆ. ತಲೆ ಯಾರಿಗೆ, ದವಡೆ ಯಾರಿಗೆ, ಕತ್ತು ಯಾರಿಗೆ ಅನ್ನುವುದು ಊರಿಂದ ಊರಿಗೆ ಬೇರೆ. ಆದರೆ ಹೆಸರು ಕೂಗಿಯೇ ಕೊಡುತ್ತಾರೆ. ತುಂಡು ಚಿಕ್ಕದಿರಲಿ, ತನ್ನ ಪಾಲು ಕೂಗದಿದ್ದರೆ ಜನ ಅಲ್ಲೇ ಎದ್ದು ಕೇಳುತ್ತಾರೆ. ಯಾರು ಯಾರಿಗೆ ಏನಾಗಬೇಕು ಅನ್ನುವುದನ್ನು ಇಡೀ ಊರು ವರ್ಷಕ್ಕೆ ಹಲವು ಸಲ ಹೀಗೆ ಬಾಯಿ ಬಿಟ್ಟು ಹೇಳಿಕೊಳ್ಳುತ್ತದೆ. ಅದೇ ಅವರ ಪಹಣಿ.

ಈಗ ಇದು ಸಡಿಲವಾಗುತ್ತಿದೆ. ಓದಿದವರೆಲ್ಲ ಮೇದಾನ್, ಜಕಾರ್ತಾದಂಥ ದೊಡ್ಡ ನಗರ ಸೇರಿದ್ದಾರೆ. ಅವರು ಹಣ ಕಳಿಸುತ್ತಾರೆ, ಹಿರಿಯರ ಮೂಳೆ ತೆಗೆದು ಸಿಮೆಂಟಿನ ದೊಡ್ಡ ಸ್ಮಾರಕದಲ್ಲಿ ಮತ್ತೆ ಇಡಲು ಊರಿಗೆ ಬರುತ್ತಾರೆ. ಗದ್ದೆಯ ಮಾತು ಕೇಳಿಸಿಕೊಳ್ಳಲು ಉಳಿಯುವುದಿಲ್ಲ. 2020ರಲ್ಲಿ ತೋಬಾ ಯುನೆಸ್ಕೊ ಜಿಯೋಪಾರ್ಕ್ ಆಯಿತು, ಅಂದರೆ ಭೂರಚನೆಗಾಗಿ ಹೆಸರಾದ ತಾಣಗಳ ಪಟ್ಟಿಗೆ ಸೇರಿತು. ಪ್ರವಾಸಿಗರಿಗೆಂದು ಸರೋವರದ ಅಂಚಿನ ನೆಲಕ್ಕೆ ಗಿರಾಕಿಗಳು ಬರುತ್ತಿದ್ದಾರೆ. ಅವರು ಕೇಳುವುದು ಜಮೀನಿನ ಒಡೆತನದ ಸರ್ಟಿಫಿಕೇಟು. ಸರ್ಟಿಫಿಕೇಟಿಗೆ ಹೆಸರು ಬೇಕು. ಮನೆಯಲ್ಲಿ ಇರುವ ಗಂಡಸಿನ ಹೆಸರು ಮೊದಲು ಹೋಗುತ್ತದೆ.

ಕಾನೂನು ಹೆಣ್ಣಿನ ವಿರುದ್ಧ ಇಲ್ಲ. 1961ರಲ್ಲೇ ಇಂಡೊನೇಷ್ಯಾದ ಸುಪ್ರೀಂ ಕೋರ್ಟು, ಬಾತಕ್‌ರದೇ ಒಂದು ಗುಂಪಾದ ಕಾರೋ ಜನರ ಮೊಕದ್ದಮೆಯಲ್ಲಿ, ಮಗಳೂ ಮಗನಂತೆ ವಾರಸುದಾರಳು ಅಂತ ತೀರ್ಪು ಕೊಟ್ಟಿದೆ. ಆದರೂ ಕೋರ್ಟಿಗೆ ಹೋಗುವ ಹೆಣ್ಣುಮಕ್ಕಳು ಕಡಿಮೆ. ಯಾಕೆಂದರೆ ಅಣ್ಣ ಬರೀ ಅಣ್ಣನಲ್ಲ. ಅವಳ ಗಂಡನಿಗೂ ಮಕ್ಕಳಿಗೂ ಅವನು ಹುಲಾಹುಲಾ, ಹರಸುವ ಕೈ. ನಾಳೆ ಮಗಳ ಮದುವೆಗೆ ಉಲೊಸ್ ಹೊದಿಸಬೇಕಾದವನು ಅವನೇ. ತವರು ಮುರಿದುಕೊಳ್ಳುವುದು ಎಲ್ಲಿಯ ಹೆಣ್ಣಿಗೆ ತಾನೇ ಸುಲಭ?

ಊರೊಟ್ಟಿಗೆ ಹೋರಾಡಿ ಗೆದ್ದ ಉದಾಹರಣೆಯೂ ಇದೆ. ಸರೋವರದ ನೈಋತ್ಯಕ್ಕೆ ಪಂಡುಮಾನ್, ಸಿಪಿತುಹುತಾ ಅಂತ ಎರಡು ಹಳ್ಳಿ. ಅವರ ಬದುಕು ಸಾಂಬ್ರಾಣಿ ಮರದ್ದು. ತೊಗಟೆ ಗಾಯ ಮಾಡಿ, ಒಸರಿ ಗಟ್ಟಿಯಾದ ಅಂಟನ್ನು ಕೆರೆದು ಮಾರುತ್ತಾರೆ. ಆ ಕಾಡನ್ನು ಸರ್ಕಾರ ಕಾಗದದ ತಿರುಳಿನ ಕಂಪನಿಗೆ ಕೊಟ್ಟಿತ್ತು. ವರ್ಷಗಟ್ಟಲೆ ಹೋರಾಡಿದ ಮೇಲೆ, 2016ರ ಡಿಸೆಂಬರಿನಲ್ಲಿ ದೇಶದ ಅಧ್ಯಕ್ಷರೇ 5,172 ಹೆಕ್ಟೇರನ್ನು ಕಂಪನಿಯಿಂದ ಬಿಡಿಸಿದರು. ಮಗುವಿಗೆ ಎಣ್ಣೆನೀರು ಹಾಕಿ ನಾವು ಹಿಡಿಯುವ ಧೂಪಕ್ಕೂ ಸುಮಾತ್ರಾದ ಈ ಅಂಟಿಗೂ ನಂಟು ಹಳೆಯದು. ಸುಮಾತ್ರಾದ ಪಶ್ಚಿಮ ಕರಾವಳಿಯ ಬಾರುಸ್ ಬಂದರಿನ ಹತ್ತಿರ 1088ರ ಒಂದು ತಮಿಳು ಶಾಸನ ಸಿಕ್ಕಿದೆ. ಅದನ್ನು ಬರೆಸಿದ್ದು ಐನೂರ್ವರ ವರ್ತಕ ಸಂಘ, ನಮ್ಮ ಐಹೊಳೆಯ ಹೆಸರು ಹೊತ್ತ ಅದೇ ಐನೂರ್ವರು.

ಅಜ್ಜಿಯ ಗದ್ದೆಗೆ ಬರುತ್ತೇನೆ. ಮರುದಿನ ನಮೂನೆಯ ಹಿಂದೆ ಒಂದು ಹಾಳೆ ಅಂಟಿಸಿದೆವು. ಕೊಟ್ಟವರು ಯಾರು, ಯಾವಾಗ, ಯಾವ ಹೆಸರಿನ ಕೊಡುಗೆ, ಈಗ ಯಾರು ಮಾಡುತ್ತಿದ್ದಾರೆ, ಮಾರುವಾಗ ಯಾರನ್ನು ಕೇಳಬೇಕು, ಸಾಕ್ಷಿ ಯಾರು. ಆರು ಸಾಲು. ಆಮೇಲೆ ಪ್ರತಿ ಗದ್ದೆಗೂ ಆ ಹಾಳೆ ಬರೆದೆವು. ಬದು ತೋರಿಸಲು ಗಂಡಸರ ಜೊತೆ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಕರೆಸಿದೆವು. ಕೆಲಸ ಮೂರು ವಾರ ತಡವಾಯಿತು. ಇಂಥ ನಕ್ಷೆ ಮಾಡುವವರು ಯಾರೇ ಇರಲಿ, ಆ ಮೂರು ವಾರ ಮೊದಲೇ ಇಟ್ಟುಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ. ಸರ್ಟಿಫಿಕೇಟಿನಲ್ಲಿ ಆ ಆರು ಸಾಲಿಗೆ ಜಾಗವಿಲ್ಲ, ಆದರೆ ತಕರಾರು ಬಂದ ದಿನ ತೋರಿಸಲು ಹಳ್ಳಿಯ ಕೈಯಲ್ಲಿ ಒಂದು ಪ್ರತಿ ಇರುತ್ತದೆ.

ಹಾಳೆಗೆ ಹೆಬ್ಬೆಟ್ಟು ಒತ್ತುವ ಮೊದಲು ಅಜ್ಜಿ ಅದನ್ನು ಎರಡು ಸಲ ಓದಿಸಿದರು. ‘ಅಪ್ಪನ ಹೆಸರು ಎಲ್ಲಿದೆ, ತೋರಿಸಿ’ ಅಂದರು. ತೋರಿಸಿದೆ. ಎಲೆಯಡಿಕೆಯ ಕೆಂಪು ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಆ ಅಕ್ಷರಗಳ ಮೇಲೆ ಒಂದು ಸಲ ಮೆಲ್ಲಗೆ ಆಡಿಸಿದರು. ಆಮೇಲೆ ಶಾಯಿಯ ಪ್ಯಾಡಿಗೆ ಕೈ ಚಾಚಿದರು.